ನೋಟಿಸ್ ಕೊಟ್ಟ ಮ್ಯಾಲೆ ಸಾಹೇಬ್ರು ಮಾತಾಡವಲ್ರು, ಉಳಿದ 38 ದಿನ ಹೆಂಗ?

ಗಿರ್ಮಿಟ್ ಪ್ರಿಯ:
ಹುಬ್ಬಳ್ಳಿ ಗೋಕುಲ ರೋಡಿನ ಮಶೀನ್ ಶಾಪಿನ್ಯಾಗ ಕ್ಯೂಸಿ (ಮಾಲಿನ ಗುಣಮಟ್ಟ ತಪಾಸಣಿ) ಕೆಲಸ. ಸರ್ವಿಸ್ 5 ವರ್ಷ 7 ತಿಂಗಳು, ನೋಟಿಸ್ 60 ದಿನ, ಇವತ್ತಿಗೆ 22 ಆತು. ಮ್ಯಾನೇಜರ್ ಮುಂಜಾನೆ ಮೀಟಿಂಗಿಗೆ ಕರಿಯಾಂಗಿಲ್ಲ, ಸಂಜಿ ಐದೂವರಿಗೆ ಹೊಸ ಕೆಲಸ ಹಚ್ಚತಾರ. ‘ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡಿ ಪತ್ರ) ಹೆಂಗ ತಗೋತಿ ನೋಡ್ತೀನಿ’ ಅಂತ ಎಲ್ಲಾರ ಮುಂದ ಅಂದ್ರು. ಸುಮ್ಮನಿರೂದೋ, ಉಳಿದ ದಿನಕ್ಕ ರೊಕ್ಕ ಕಟ್ಟಿ ಹೊರಗ ಬೀಳೂದೋ?

ಪಗಾರ ಪಟ್ಟಿ:
ರೊಕ್ಕ ಕಟ್ಟೂಕಿಂತ ಮೊದಲ ನೇಮಕಾತಿ ಪತ್ರ ತಗದು ನೋಡ್ರಿ. ಕಟ್ಟಿ ಹೋಗೂ ಹಕ್ಕು ನಿಮಗ ಐತ್ಯೋ, ಅವರ ಒಪ್ಪಿಗಿ ಬೇಕೋ? ಲೆಕ್ಕ ಬೇಸಿಕ್ (ಮೂಲ ಪಗಾರ) ಮ್ಯಾಲೋ, ಗ್ರಾಸ್ (ಭತ್ಯೆ ಸೇರಿದ ಒಟ್ಟು ಪಗಾರ) ಮ್ಯಾಲೋ? 38 ದಿನಕ್ಕ ಭಾಳ ಫರಕ್ ಬೀಳತೈತಿ.

ಸಾಹೇಬ್ರ ಸಿಟ್ಟಿನ ಬೇರು ಬಹುಶಃ ಇಷ್ಟ: ನಿಮ್ಮ ಜಾಗಕ್ಕ ಯಾರೂ ಬಂದಿಲ್ಲ, ಗಿರಾಕಿ ಆಡಿಟಿಗೆ ಬಂದ್ರ ಅವರ ನಿಂತು ಉತ್ತರ ಕೊಡಬೇಕು. ಅದಕ್ಕ ಹ್ಯಾಂಡ್‌ಓವರ್ ಕಣ್ಣಿಗೆ ಕಾಣೂಹಂಗ ಮಾಡ್ರಿ. ಪ್ಲಗ್ ಗೇಜ್, ಸ್ನ್ಯಾಪ್ ಗೇಜ್, ವರ್ನಿಯರ್, ಮೈಕ್ರೋಮೀಟರ್, ಹಿಂಗ ನಿಮ್ಮ ಅಳತಿ ಸಾಮಾನು ಒಂದೊಂದಕ್ಕೂ ಒಂದು ಸಾಲು: ಐಡಿ ನಂಬರ್, ಕ್ಯಾಲಿಬ್ರೇಶನ್ (ಅಳತಿ ಸರಿ ಐತ್ಯೋ ಅನ್ನೂ ತಪಾಸಣಿ) ಅವಧಿ ಮುಗಿಯೂ ತಾರೀಖು, ಈಗ ಯಾವ ಮಶೀನಿನ ಹತ್ರ ಐತಿ. ಬ್ಯಾರೆ ಹಾಳ್ಯಾಗ ಮುಗಿಯದ ಗಿರಾಕಿ ಕಂಪ್ಲೇಂಟು. ಒಪ್ಪಿಸಿಕೊಳ್ಳೂರ ಕೂಡ ಶಾಪಿನ್ಯಾಗ ಅಡ್ಡಾಡಿ, ಸಾಲಿಗೊಂದು ಸಹಿ ತಗೋರಿ. ‘ಎಲ್ಲಾ ಒಪ್ಪಿಸ್ಯಾರ’ ಅಂತ ತಳದಾಗ ಒಂದ ಸಹಿ ಹಾಕಿಸಿದ್ರ, ಮುಂದಿನ ತಿಂಗಳ ಪ್ಲಗ್ ಗೇಜ್ ಸಿಗವಲ್ದು ಅಂತ ನಿಮ್ಮ ಸೆಟಲ್‌ಮೆಂಟಿನ್ಯಾಗ ಮುರಕೋತಾರ.

ಸಂಜಿ ಕೆಲಸಕ್ಕ ಮೇಲಿನ್ಯಾಗ ಎರಡ ಸಾಲು: ‘ಇದನ್ನು ಇಂದು ಮಾಡಿದರೆ ಗೇಜ್ ಹಸ್ತಾಂತರ ನಾಳೆಗೆ ಹೋಗುತ್ತದೆ. ಯಾವುದು ಮೊದಲು, ತಿಳಿಸಿ.’ ಎಚ್‌ಆರ್‌ಗೂ ಒಂದು ಕಾಪಿ ಹಾಕ್ರಿ.

ನವನಗರ ದಾರಿ:
ಲೆಟರ್ ವಿಷಯ: ರಾಜೀನಾಮೆ ಒಪ್ಪಿಗೆಯಾದದ್ದು, ಕೊನೆಯ ದಿನ ಯಾವುದು ಎಂದು ಎಚ್‌ಆರ್ ಮೇಲ್ ಬಂದಿದೆಯೇ? ಇಲ್ಲದಿದ್ದರೆ ಇವತ್ತೇ ಕೇಳಿ ತರಿಸಿಕೊಳ್ಳಿ. ಪಗಾರ ಚೀಟಿ, ಫಾರ್ಮ್ 16 (ಪಗಾರದಲ್ಲಿ ಮುರಿದ ತೆರಿಗೆಯ ಪ್ರಮಾಣಪತ್ರ) ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಡ್ರಾಯಿಂಗ್, ಗಿರಾಕಿ ಪಟ್ಟಿ ಮಾತ್ರ ಮುಟ್ಟಬೇಡಿ. ಅದನ್ನು ಕಳಿಸಿಕೊಂಡರೆ ಲೆಟರ್ ತಡೆಯಲು ನೀವೇ ಕಾರಣ ಕೊಟ್ಟಂತೆ.

ಪಿಎಫ್‌ನಲ್ಲಿ ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಹೊಂದದಿದ್ದರೆ ಒಳಗಿರುವಾಗಲೇ ಸರಿಮಾಡಿಸಿ, ಆಮೇಲೆ ಸಹಿಗೆ ಅಲೆದಾಟ ಆಗಬಹುದು. ಬಿಟ್ಟ ತಾರೀಖನ್ನು ಅವರು ಹಾಕದಿದ್ದರೂ ಚಿಂತೆ ಬೇಡ: ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಮೆಂಬರ್ ಪೋರ್ಟಲ್‌ನ ‘ಮಾರ್ಕ್ ಎಕ್ಸಿಟ್’ನಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ಅಲ್ಲೂ ತೊಡಕಾದರೆ ನವನಗರದ ಪಿಎಫ್ ಆಫೀಸಿಗೆ ಹೋಗಿ.

ಗ್ರಾಚ್ಯುಟಿ (ಸರ್ವಿಸ್ ವರ್ಷಕ್ಕೆ 15 ದಿನದ ಪಗಾರದಂತೆ ಕೆಲಸ ಬಿಡುವಾಗ ಸಿಗುವ ಹಣ) ಮರೆಯಬೇಡಿ. 5 ವರ್ಷ ದಾಟಿದೆ, ಮೇಲಿನ 7 ತಿಂಗಳು ಆರು ತಿಂಗಳು ಮೀರಿರುವುದರಿಂದ 6 ವರ್ಷ ಹಿಡಿಯುತ್ತಾರೆ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 18,000 ಎಂದಿಟ್ಟುಕೊಂಡರೆ, ತಿಂಗಳಿಗೆ 26 ದಿನ ಹಿಡಿದು 18,000 × 15 ÷ 26 × 6 = 62,308 ರೂ. 30 ದಿನದೊಳಗೆ ಕೊಡಬೇಕು. ಇಷ್ಟು ರೊಕ್ಕ ಬರುವುದಿರುವಾಗ ಎಲ್ಲರ ಮುಂದೆ ಮಾತಿಗೆ ಮಾತು ಬೆಳೆಸುವುದು ಜಾಣತನವಲ್ಲ.

ಉಣಕಲ್ ದಂಡಿ:
ಪಗಾರ ಪಟ್ಟಿಯವರ ಒಂದು ಮಾತು ಒಪ್ಪಾಂಗಿಲ್ಲ. ಮೊದಲನೇ ಮೇಲಿಗೇ ಎಚ್‌ಆರ್ ಕಾಪಿ ಹಾಕಿದ್ರ ಉರಿಯೂದಕ್ಕ ಎಣ್ಣಿ ಸುರಿದಂಗ. ಮುಂಜಾನೆ ಮಶೀನ್ ಸುರು ಆಗೂಕಿಂತ ಮೊದಲ ಪಟ್ಟಿ ಹಿಡಕೊಂಡು ಕ್ಯಾಬಿನ್ನಿಗೆ ಹೋಗಿ, ‘ಸರ, ಯಾರಿಗೆ ಒಪ್ಪಿಸ್ಲಿ?’ ಅಂತ ಒಂದ ಪ್ರಶ್ನಿ ಕೇಳ್ರಿ. ಹೊರಗ ಬಂದು ಮಾತಾಡಿದ್ದನ್ನ ಮೇಲ್ ಮಾಡ್ರಿ. ಕಾಪಿ ಎರಡನೇ ಸಲಕ್ಕ ಇರಲಿ. ಕ್ಯಾಂಟೀನಿನ್ಯಾಗ ಹೊಸ ಕಂಪನಿ ಹೆಸರು, ಹೊಸ ಪಗಾರ ಬಾಯಿ ಬಿಡಬ್ಯಾಡ್ರಿ. ಜತಿಗಿನವ್ರು ದೂರ ಸರಿಯೂದು ಅಲ್ಲಿಂದನ.

ಗಿರ್ಮಿಟ್ ಪ್ರಿಯ:
ರಿಜಿಸ್ಟರ್ ನೋಡಿದೆ. ಎರಡು ಸ್ನ್ಯಾಪ್ ಗೇಜ್ ನನ್ನ ಹೆಸರಿಗೆ ಅದಾವು, ಮಶೀನ್ ಹತ್ರ ಇಲ್ಲ.

ಪಗಾರ ಪಟ್ಟಿ:
ಕ್ಯಾಲಿಬ್ರೇಶನ್‌ಗೆ ಹೊರಗ ಕಳಿಸಿದ ಚಲನ್ ತಗಸ್ರಿ, ಆಮ್ಯಾಲೆ ಟೂಲ್ ರೂಮು, ರಿಜೆಕ್ಷನ್ ರ‍್ಯಾಕು. ಸಿಗಲಿಲ್ಲಂದ್ರ ಇವತ್ತ ಬರದು ತಿಳಸ್ರಿ. ಉಣಕಲ್ ಅವರು ಅಂದಂಗ ಮೊದಲ ಬಾಯಿಲೆ ಹೇಳ್ರಿ, ಅದು ಖರೆ.