ಪಾಪರ್ ಅರ್ಜಿ ಹಾಕುವ ಮೊದಲು: ವಕೀಲರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಗುಂಪಿನ ವಕೀಲರು ಇಂದು ಸಾಲ ಮತ್ತು ದಿವಾಳಿ ಅರ್ಜಿಯ (ಪಾಪರ್ ಅರ್ಜಿ ಅಥವಾ ಐಪಿ ಎನ್ನುವುದೂ ಇದನ್ನೇ) ಬಗ್ಗೆ ಉತ್ತರಿಸುತ್ತಾರೆ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ ಹಾಕಬೇಡಿ.

ತುಮಕೂರಿನ ಸದಸ್ಯ: ನಮಸ್ಕಾರ ಮೇಡಂ. ಐಪಿ ಹಾಕಿದರೆ ಕ್ರೆಡಿಟ್ ಕಾರ್ಡ್ ಸಾಲ ಪೂರ್ತಿ ಹೋಗುತ್ತದೆಯೇ?

ವಕೀಲರು: ನಮಸ್ಕಾರ. ಹಾಕಿದ ಮಾತ್ರಕ್ಕೆ ಏನೂ ಹೋಗುವುದಿಲ್ಲ. ನಮ್ಮಲ್ಲಿ ಇಂದಿಗೂ ನಡೆಯುತ್ತಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಮೊದಲು ಅರ್ಜಿ, ಆಮೇಲೆ ನ್ಯಾಯಾಲಯ ನಿಮ್ಮನ್ನು ದಿವಾಳಿ ಎಂದು ಘೋಷಿಸಬೇಕು, ಕೊನೆಗೆ ಬಿಡುಗಡೆಯ ಆದೇಶ. ಸಾಲ ಕಳಚುವುದು ಆ ಕೊನೆಯ ಆದೇಶದಿಂದ. ಘೋಷಣೆಯಾದ ಕೂಡಲೇ ನಿಮ್ಮ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸುವ ರಿಸೀವರ್ (ಆಸ್ತಿ ನೋಡಿಕೊಳ್ಳುವವರು) ಕೈಗೆ ಹೋಗುತ್ತದೆ. ಸರ್ಕಾರದ ಬಾಕಿ, ವಂಚಿಸಿ ಪಡೆದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಕೊನೆಯಲ್ಲೂ ಉಳಿಯುತ್ತವೆ.

ಮೈಸೂರಿನ ಸದಸ್ಯ: ಇದು ನನಗೆ ಬಂದದ್ದು, ಉಪಯೋಗವಾಗಬಹುದು: "ಎಲ್ಲರಿಗೂ ತಲುಪಿಸಿ! 2016ರ ಹೊಸ ಕಾನೂನಿನಲ್ಲಿ 35 ಸಾವಿರದವರೆಗಿನ ಸಾಲ ಮನ್ನಾ. ಬಿಳಿ ಹಾಳೆಯಲ್ಲಿ ಬರೆದು ಬ್ಯಾಂಕಿಗೆ ಕೊಟ್ಟರೆ ಸಾಕು. ಆಸ್ತಿಯನ್ನು ಮೊದಲೇ ಹೆಂಡತಿಯ ಹೆಸರಿಗೆ ಮಾಡಿಸಿ."

ವಕೀಲರು: ದಯವಿಟ್ಟು ಅಳಿಸಿ. ಆ ಹೊಸ ಕಾನೂನು, ಅಂದರೆ 2016ರ ದಿವಾಳಿ ಸಂಹಿತೆಯಲ್ಲಿ 35 ಸಾವಿರದ ಮಾತು ಇರುವುದು ನಿಜ. ಆದರೆ ಸಾಮಾನ್ಯ ವ್ಯಕ್ತಿಗಳಿಗೆ ಸಂಬಂಧಿಸಿದ ಆ ಭಾಗ ಇನ್ನೂ ಜಾರಿಗೇ ಬಂದಿಲ್ಲ. 2019ರ ಡಿಸೆಂಬರ್ 1ರಿಂದ ಜಾರಿಯಾಗಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಕೊನೆಯ ಸಾಲು ಬರೆದವನು ಜನರನ್ನು ಜೈಲಿಗೆ ಕಳುಹಿಸುತ್ತಿದ್ದಾನೆ.

ದಾವಣಗೆರೆಯ ಅಂಗಡಿಯವರು: ಮೇಡಂ, ಕೊನೆಯ ಸಾಲಿನ ಬಗ್ಗೆಯೇ ಕೇಳಬೇಕಿತ್ತು. ಬಟ್ಟೆ ಅಂಗಡಿ ಮುಚ್ಚಿದೆ. ಬ್ಯಾಂಕ್, ಕೈಸಾಲ, ಚೀಟಿ ಎಲ್ಲ ಸೇರಿ 32 ಲಕ್ಷ. ಎಂಟು ತಿಂಗಳ ಹಿಂದೆ ನಿವೇಶನವನ್ನು ಪತ್ನಿಗೆ ದಾನಪತ್ರ ಮಾಡಿಕೊಟ್ಟೆ. ಹೋದ ತಿಂಗಳು ಸ್ಟಾಕ್ ಮಾರಿ ಬಂದ 4 ಲಕ್ಷವನ್ನು ಭಾವಮೈದುನನಿಗೆ ಹಿಂದಿರುಗಿಸಿದೆ. ಮುಂದಿನ ವಾರ ಅರ್ಜಿ ಹಾಕಬೇಕೆಂದಿದ್ದೇನೆ. ಇಬ್ಬರಿಗೆ ಕೊಟ್ಟ ಚೆಕ್ ಬೌನ್ಸ್ ಆಗಿವೆ.

ವಕೀಲರು: ಮುಂದಿನ ವಾರ ಬೇಡ. ನಿಧಾನವಾಗಿ ಓದಿ.

ದಾನಪತ್ರವಾದ ಎರಡು ವರ್ಷದೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ನೀವು ದಿವಾಳಿ ಎಂದಾದರೆ 1920ರ ಕಾಯ್ದೆಯ ಕಲಂ 53ರ ಅಡಿ ಅದನ್ನು ರದ್ದುಪಡಿಸಬಹುದು. ಹಣ ಪಡೆದು ಪ್ರಾಮಾಣಿಕವಾಗಿ ಮಾರಿದ್ದರೆ ಮಾತು ಬೇರೆ, ನಿಮ್ಮದು ದಾನ. ಭಾವಮೈದುನನ 4 ಲಕ್ಷಕ್ಕೆ ಕಲಂ 54: ಹಣ ಕೊಟ್ಟ ಮೂರು ತಿಂಗಳೊಳಗೆ ಅರ್ಜಿ ಬಿದ್ದರೆ, ಉಳಿದವರನ್ನು ಬಿಟ್ಟು ಒಬ್ಬನಿಗೆ ಒಲವು ತೋರಿಸಿದಿರಿ ಎಂದು ರಿಸೀವರ್ ಅದನ್ನು ಮರಳಿ ಕೇಳಬಹುದು. ಹಾಗೆಂದು ಮೂರು ತಿಂಗಳು ಕಳೆಯಲಿ ಎಂದು ಕಾದು ಕುಳಿತರೂ ಬಚಾವಾಗುವುದಿಲ್ಲ. ಅಷ್ಟರಲ್ಲಿ ಸಾಲ ಕೊಟ್ಟವರೇ ನಿಮ್ಮ ಮೇಲೆ ದಿವಾಳಿ ಅರ್ಜಿ ಹಾಕಬಹುದು.

ನನಗೆ ಹೆಚ್ಚು ಭಯವಿರುವುದು ಅರ್ಜಿಯ ಆಸ್ತಿಪಟ್ಟಿಯ ಬಗ್ಗೆ. ನಿವೇಶನದ ಪ್ರಸ್ತಾಪವೇ ಇಲ್ಲದೆ ಪಟ್ಟಿ ತಯಾರಿಸುವ ದಲ್ಲಾಳಿಗಳು ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಗಳಲ್ಲೇ ಕೂತಿರುತ್ತಾರೆ. ಆಸ್ತಿ, ಲೆಕ್ಕಪುಸ್ತಕ ಬಚ್ಚಿಟ್ಟರೆ ಕಲಂ 69ರ ಅಡಿ ಒಂದು ವರ್ಷದವರೆಗೆ ಜೈಲು. ದಾನಪತ್ರದ ನಕಲು, 4 ಲಕ್ಷದ ಬ್ಯಾಂಕ್ ಪುಟ, ಅಂಗಡಿಯ ದಿನವಹಿ, ಎಲ್ಲವನ್ನೂ ನೀವೇ ಮುಂದಿಡಿ.

ಚೆಕ್‌ಗೆ ಐಪಿ ಗುರಾಣಿಯಲ್ಲ. ಚೆಕ್ ಪಡೆದವರ ನೋಟಿಸ್ ತಲುಪಿದ 15 ದಿನದೊಳಗೆ ಹಣ ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕ್ರಿಮಿನಲ್ ಪ್ರಕರಣ ತನ್ನ ದಾರಿಯಲ್ಲಿ ನಡೆಯುತ್ತದೆ. ನೋಟಿಸ್ ಯಾವ ದಿನ ಬಂತು?

ಚಿತ್ರದುರ್ಗದ ಸದಸ್ಯ: ನಿವೇಶನ ಹೆಂಡತಿಗೆ, ಹಣ ಭಾವಮೈದುನನಿಗೆ, ನಾಮ ಸಾಲ ಕೊಟ್ಟವರಿಗೆ! ನನ್ನ 3 ಲಕ್ಷವನ್ನೂ ಒಬ್ಬ ಹೀಗೆಯೇ ಮುಳುಗಿಸಿದ. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ.

ದಾವಣಗೆರೆಯ ಅಂಗಡಿಯವರು: ಹತ್ತೊಂಬತ್ತು ವರ್ಷ ಬಡ್ಡಿ ಕಟ್ಟಿದ್ದೇನೆ. ತಿಂಗಳಿಗೆ ನೂರಕ್ಕೆ ಐದರಂತೆ ಎಷ್ಟು ಕೊಟ್ಟೆ ಎಂಬುದು ಯಾರಿಗೂ ಬೇಡ.

ಚಿತ್ರದುರ್ಗದ ಸದಸ್ಯ: ಬಡ್ಡಿ ಗೊತ್ತಿದ್ದೇ ತೆಗೆದುಕೊಂಡಿರಲ್ಲ?

ಹಾವೇರಿಯ ಸದಸ್ಯ: ಲೇವಾದೇವಿ ಲೈಸೆನ್ಸ್ ಇದೆಯೇ ನಿಮಗೆ? 2025ರ ಕರ್ನಾಟಕ ಕಿರುಸಾಲ ಕಾನೂನು ಓದಿಕೊಳ್ಳಿ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು.

ಚಿತ್ರದುರ್ಗದ ಸದಸ್ಯ: ಗೆಳೆಯನಿಗೆ ಕೈಗಡ ಕೊಟ್ಟವನಿಗೆ ಲೈಸೆನ್ಸ್ ಯಾಕೆ? ನೀವು ಯಾವ ಕಾಲೇಜಿನಲ್ಲಿ ಕಾನೂನು ಓದಿದ್ದು?

ಅಡ್ಮಿನ್: ಇಬ್ಬರೂ ಮರ್ಯಾದೆಯಿಂದ ಮಾತನಾಡಿ.

ಮಂಗಳೂರಿನ ಸದಸ್ಯ: ನನ್ನ ತಮ್ಮ ದುಬೈಯಲ್ಲಿ ಸಾಲ ಉಳಿಸಿ ಊರಿಗೆ ಬಂದಿದ್ದಾನೆ. ಅದನ್ನೂ ಇಲ್ಲಿ ಸೇರಿಸಬಹುದೇ?

ಹಾಸನದ ಸದಸ್ಯ: ಮನೆ ಸಾಲಕ್ಕೆ ಐಪಿ ಹಾಕಿದರೆ ಹರಾಜು ನಿಲ್ಲುತ್ತದೆಯೇ?

ವಕೀಲರು: ಇಲ್ಲ. ಅಡಮಾನ ಇಟ್ಟುಕೊಂಡವರ ಹಕ್ಕಿಗೆ ದಿವಾಳಿತನ ಅಡ್ಡ ಬರುವುದಿಲ್ಲ. ಬ್ಯಾಂಕ್ ಮನೆ ವಶಪಡಿಸಿಕೊಳ್ಳುವ ಕ್ರಮ ಕೈಗೊಂಡಿದ್ದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ.

ಶಿವಮೊಗ್ಗದ ಸದಸ್ಯೆ: ಮೇಡಂ, ನನ್ನ ಯಜಮಾನರು ಗೆಳೆಯನ ಸಾಲಕ್ಕೆ ಜಾಮೀನು ಹಾಕಿದ್ದರು. ಅವರು ತೀರಿಕೊಂಡರು. ವಸೂಲಿಯವರು ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿಯುತ್ತಾರೆ. ನಾನು ಪಾಪರ್ ಆಗಬೇಕೇ? ಜೈಲಿಗೆ ಹಾಕುತ್ತಾರೆಯೇ?

ವಕೀಲರು: ಅಮ್ಮ, ನೀವು ಯಾವ ಅರ್ಜಿಯನ್ನೂ ಹಾಕಬೇಡಿ, ಅವರು ತಂದ ಕಾಗದಕ್ಕೆ ಸಹಿಯನ್ನೂ ಹಾಕಬೇಡಿ. ಯಜಮಾನರಿಂದ ನಿಮಗೆ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ಹೊಣೆ. ನಿಮ್ಮ ಸ್ವಂತ ಸಂಪಾದನೆಗೆ ಕೈಹಾಕುವಂತಿಲ್ಲ. ಹಣದ ಡಿಕ್ರಿಗಾಗಿ (ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿಗಾಗಿ) ಹೆಂಗಸರನ್ನು ಬಂಧಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 56 ಬಿಡುವುದಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ ಜಪ್ತಿಯಾಗುವುದಿಲ್ಲ. ಬ್ಯಾಂಕಿನ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನನ್ನೂ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಬಂದವರ ದಿನ, ಹೊತ್ತು ಬರೆದಿಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಕೋಲಾರದ ಸದಸ್ಯ: ಐಪಿ ಹಾಕಿದರೆ ಕಾರ್ಡ್ ಸಾಲ ಹೋಗುತ್ತದೆಯೇ ಮೇಡಂ?

ವಕೀಲರು: ಮೇಲೆ ಓದಿ.

ಮೈಸೂರಿನ ಸದಸ್ಯ: ಇನ್ನೊಂದು ಬಂದಿದೆ: "ಐಪಿ ನಂಬರ್ ಸಿಕ್ಕ ದಿನದಿಂದ ಯಾರೂ ಸಾಲ ಕೇಳುವಂತಿಲ್ಲ."

ವಕೀಲರು: ಸ್ವಾಮಿ, ನಿಮಗೆ ಇವನ್ನೆಲ್ಲ ಕಳುಹಿಸುವವರು ಯಾರು? ನಂಬರ್ ಸಿಕ್ಕರೆ ದಾವೆ ತಾನಾಗಿ ನಿಲ್ಲುವುದಿಲ್ಲ. ದಿವಾಳಿ ಎಂದು ಘೋಷಣೆಯಾದ ಮೇಲೆ ಸಾಲ ಕೊಟ್ಟವರು ಹೊಸ ದಾವೆಗೆ ನ್ಯಾಯಾಲಯದ ಅನುಮತಿ ಪಡೆಯಬೇಕು. ಬಂಧನದಿಂದ ರಕ್ಷಣೆ ಬೇಕಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ಸಾಲದಿಂದ ಬಿಡುಗಡೆಯ ಆದೇಶ ಸಿಗುವ ತನಕ, ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಸಾಲ ಪಡೆದರೂ ಅಪರಾಧ. ಹಳೆಯ ಕಾಯ್ದೆ, ಮೊತ್ತವೂ ಆ ಕಾಲದ್ದೇ. ಇನ್ನೊಂದು ಸಂದೇಶ ಹಾಕಿದರೆ ನಾನು ಗುಂಪು ಬಿಡುತ್ತೇನೆ.

ಚಿತ್ರದುರ್ಗದ ಸದಸ್ಯ: ಸಾಲ ಕೊಟ್ಟವರಿಗೆ ಏನು ದಾರಿ ಎಂದು ಒಂದು ಮಾತೂ ಇಲ್ಲ.

ಹಾವೇರಿಯ ಸದಸ್ಯ: ನಿಮಗೆ ದಾರಿ ಬೇಕಿಲ್ಲ, ಬಡ್ಡಿ ಬೇಕು.

ವಕೀಲರು: ಚಿತ್ರದುರ್ಗದವರೇ, ನಿಮ್ಮ 3 ಲಕ್ಷದ ಲೆಕ್ಕವನ್ನು ಪುರಾವೆ ಸಮೇತ ರಿಸೀವರ್ ಮುಂದೆ ಸಲ್ಲಿಸಿ. ಬಿಡುಗಡೆಯ ಅರ್ಜಿ ಬಂದಾಗ ಆಕ್ಷೇಪಣೆ ಹಾಕಿ. ಇಲ್ಲಿ ಬೈದರೆ ಒಂದು ರೂಪಾಯಿಯೂ ಬರುವುದಿಲ್ಲ.

ದಾವಣಗೆರೆಯ ಅಂಗಡಿಯವರು: ನೋಟಿಸ್ ಬಂದು ಹನ್ನೊಂದು ದಿನವಾಯಿತು ಮೇಡಂ. ದಾನಪತ್ರವನ್ನು ನಾನೇ ರದ್ದು ಮಾಡಿಸಲೇ?

ವಕೀಲರು: ನೀವೊಬ್ಬರೇ ರದ್ದು ಮಾಡಿಸಲು ಬರುವುದಿಲ್ಲ, ಬರೆದುಕೊಡಬೇಕಾದವರು ಈಗ ನಿಮ್ಮ ಪತ್ನಿ. ಅದಕ್ಕಿಂತ ಮೊದಲು ಚೆಕ್. ನಾಲ್ಕು ದಿನ ಉಳಿದಿದೆ. ನಾಳೆ ಬೆಳಿಗ್ಗೆಯೇ ನಿಮ್ಮೂರಿನ ವಕೀಲರೊಬ್ಬರ ಬಳಿ ನೋಟಿಸ್ ಹಿಡಿದುಕೊಂಡು ಹೋಗಿ, ಪತ್ನಿಯನ್ನೂ ಕರೆದುಕೊಂಡು ಹೋಗಿ.