ಸಹಾಯ ಬೇಕು: ವಿಎ ದಾಖಲೆಯಲ್ಲಿ ತಪ್ಪು ಡಯಾಗ್ನೋಸಿಸ್

ಅಮೆರಿಕದ ವಿಎ (ಮಾಜಿ ಸೈನಿಕರ ಇಲಾಖೆ) ಆಸ್ಪತ್ರೆಗೆ ಹೋಗುವ ಮಾಜಿ ಸೈನಿಕರೊಬ್ಬರ ಪರವಾಗಿ ಕೇಳುತ್ತಿದ್ದೇವೆ. ಒಂದೇ ಒಂದು ಭೇಟಿಯ ನೋಟಿನಲ್ಲಿ 'ಪರ್ಸನಾಲಿಟಿ ಡಿಸಾರ್ಡರ್' (ವ್ಯಕ್ತಿತ್ವದ ದೋಷ) ಎಂದು ಬರೆದಿದ್ದಾರೆ. ಆಮೇಲೆ ನೋಡಿದವರೆಲ್ಲ ಅದನ್ನೇ ಕಾಪಿ ಹೊಡೆದಿದ್ದಾರೆ. ಬಿಟ್ಟುಬಿಡಿ ಅನ್ನಬೇಡಿ: ವಿಎ ನಿಯಮದಲ್ಲಿ ಪಿಟಿಎಸ್‌ಡಿಗೆ (ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಪರಿಹಾರಧನವುಂಟು, ಪರ್ಸನಾಲಿಟಿ ಡಿಸಾರ್ಡರ್‌ಗೆ ಇಲ್ಲ.

ಬ್ಲೂ ಬಟನ್ ರಿಪೋರ್ಟ್ (ರೋಗಿಯೇ ಆನ್‌ಲೈನ್‌ನಲ್ಲಿ ಪಡೆಯುವ ತನ್ನ ವೈದ್ಯಕೀಯ ದಾಖಲೆ) ಇಳಿಸಿಕೊಂಡು ಆ ಪದ ಎಲ್ಲೆಲ್ಲಿದೆಯೋ ಗುರುತು ಹಾಕಿದ್ದೇವೆ. ಪ್ರಾಬ್ಲೆಮ್ ಲಿಸ್ಟ್‌ನಲ್ಲಿ (ದಾಖಲೆಯಲ್ಲಿನ ರೋಗಗಳ ಪಟ್ಟಿ) ಇರುವುದನ್ನು ಈಗಿನ ಡಾಕ್ಟರೇ ತೆಗೆಯಬಹುದು, ಅವರಿಗೆ ಸೆಕ್ಯೂರ್ ಮೆಸೇಜ್ ಹೋಗಿದೆ. ತಲೆನೋವು ಸಹಿಯಾದ ಹಳೆಯ ನೋಟಿನದು. ಅದಕ್ಕೆ ಆಸ್ಪತ್ರೆಯ ಪ್ರೈವೆಸಿ ಆಫೀಸರ್‌ಗೆ ಸಹಿ ಮಾಡಿದ ಲಿಖಿತ ತಿದ್ದುಪಡಿ ಅರ್ಜಿ ಕೊಡಬೇಕು; ಪ್ರೈವೆಸಿ ಆಕ್ಟ್ ಪ್ರಕಾರ 10 ಕೆಲಸದ ದಿನಗಳಲ್ಲಿ ಸ್ವೀಕೃತಿ ಬರಬೇಕು. 'ದಾಖಲೆಯೆಲ್ಲ ತಪ್ಪು' ಎಂದರೆ ಅರ್ಜಿ ನಿಲ್ಲುವುದಿಲ್ಲ. ನೋಟಿನ ತಾರೀಖು, ತಪ್ಪಾದ ಸಾಲು, ಅದರ ಜಾಗದಲ್ಲಿ ಏನಿರಬೇಕು, ಯಾಕೆ, ಇಷ್ಟೂ ಬೇಕು. ನಮ್ಮ ಕರಡಿನಲ್ಲಿ 'ಈ ಸಾಲನ್ನು ತೆಗೆದು, ಪಿಟಿಎಸ್‌ಡಿ ಎಂದು ತಿದ್ದಿ' ಎಂದಿದೆ.

ಗೊತ್ತಿದ್ದವರು ಹೇಳಿ: ಹೊರಗಿನ ಸೈಕಾಲಜಿಸ್ಟ್‌ರ ಮೌಲ್ಯಮಾಪನವನ್ನು ಮೊದಲೇ ಲಗತ್ತಿಸಬೇಕೋ, ನಿರಾಕರಿಸಿದ ಮೇಲೆ ವಿಎಯ ಜನರಲ್ ಕೌನ್ಸೆಲ್ (ಕಾನೂನು) ಕಚೇರಿಗೆ ಹಾಕುವ ಅಪೀಲಿಗೆ ಉಳಿಸಿಕೊಳ್ಳಬೇಕೋ? ಮೊದಲೇ ಲಗತ್ತಿಸುವುದು ವಾಸಿ ಅಂತ ನಮಗನಿಸುತ್ತದೆ, ಯಾಕೆಂದರೆ ನೋಟು ಬರೆದವರ ಅಭಿಪ್ರಾಯದ ಎದುರು ರೋಗಿಯ ಮಾತೊಂದೇ ಸಾಲುವುದಿಲ್ಲ.

ಅಪೀಲೂ ಬಿದ್ದರೆ ದಾಖಲೆಗೆ ಸೇರಿಸಲು ಕೊಡುವ ಅಸಮ್ಮತಿ ಹೇಳಿಕೆಯ ಒಂದು ಮಾದರಿ ಇದ್ದರೆ, ಹೆಸರು ಅಳಿಸಿ ಕಳಿಸಿ.