ಅಪ್‌ಡೇಟ್: ರಾತ್ರಿ ಪಂದ್ಯದ ದೃಶ್ಯಗಳಲ್ಲಿ ಮಿನುಗು ನಿಂತಿತು

ಮೈಸೂರಿನ ಬಡಾವಣೆ ಫುಟ್‌ಬಾಲ್ ತಂಡಗಳ ಕುರಿತು ಮೊಬೈಲ್‌ನಲ್ಲೇ ಕಿರುಚಿತ್ರ ಮಾಡುತ್ತಿದ್ದೇವೆ, ಮೈದಾನದ ದೀಪಗಳ ಕೆಳಗೆ ಚಿತ್ರೀಕರಿಸಿದರೆ ಪಟ್ಟಿಪಟ್ಟಿಯಾಗಿ ಮಿನುಗುತ್ತದೆ, ಏನು ಮಾಡುವುದು ಎಂದು ಇಲ್ಲಿ ಹಿಂದೆ ಪ್ರಶ್ನೆ ಹಾಕಿದ್ದೆ. ಈಗ ಸರಿಹೋಗಿದೆ.

ಫಲಿಸಿದ್ದು, ಶಟರ್ ವೇಗವನ್ನು (ಪ್ರತಿ ಫ್ರೇಮಿಗೆ ಬೆಳಕು ಒಳಬರುವ ಅವಧಿಯನ್ನು) 1/100 ಸೆಕೆಂಡಿಗೆ ನೀವೇ ನಿಗದಿಪಡಿಸಿ ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆಯಿರಿ ಎಂಬ ಸಲಹೆ. ನಮ್ಮ ವಿದ್ಯುತ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ; ಪ್ರತಿ ಆವರ್ತದಲ್ಲೂ ಬೆಳಕು ಎರಡು ಬಾರಿ ಏರಿಳಿಯುವುದರಿಂದ ಇಂಥ ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಶಟರ್ ಅದಕ್ಕೆ ಹೊಂದಿಕೊಂಡರೆ ಪ್ರತಿ ಫ್ರೇಮಿಗೂ ಸಮಾನ ಬೆಳಕು ಸಿಗುತ್ತದೆ. ಸಂಕಲನದಲ್ಲಿ ಮಿನುಗು ತೆಗೆಯುವ ತಂತ್ರಾಂಶ ನಮಗೆ ಉಪಯೋಗಕ್ಕೆ ಬರಲಿಲ್ಲ, ಅದನ್ನು ಬಳಸಿದಾಗ ಓಡುವ ಕಾಲುಗಳೆಲ್ಲ ಕಲಸಿಹೋದವು. ಸೆಕೆಂಡಿಗೆ 120 ಫ್ರೇಮಿನ ನಿಧಾನಗತಿಯೂ (ಸ್ಲೋ ಮೋಷನ್) ದೀಪದಡಿ ಕೈಕೊಟ್ಟಿತು; ಆ ದೃಶ್ಯಗಳನ್ನು ಮಹಾರಾಜ ಕಾಲೇಜು ಮೈದಾನದಲ್ಲಿ ಸಂಜೆ ಬಿಸಿಲಿರುವಾಗಲೇ ತೆಗೆದೆವು.

ನಿರೀಕ್ಷಿಸದೆ ಸಿಕ್ಕಿದ್ದು ಶಬ್ದ. ಒಬ್ಬರು ಹೇಳಿದಂತೆ ಇನ್ನೊಂದು ಮೊಬೈಲಿನ ಮೈಕಿಗೆ ತೆಳು ಸ್ಪಂಜು ಸುತ್ತಿ ಗೋಲಿನ ಬಲೆಯ ಹಿಂದೆ ಇಟ್ಟೆವು. ಗೋಲ್‌ಕೀಪರ್ ತನ್ನವರನ್ನು ಹೆಸರು ಹಿಡಿದು ಕೂಗುವುದು, ಗದರುವುದು, ಚೆಂಡು ಕಂಬಕ್ಕೆ ಬಡಿಯುವುದು ಎಲ್ಲವೂ ಎಷ್ಟು ಸ್ಪಷ್ಟವಾಗಿ ಬಂದಿದೆಯೆಂದರೆ, ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟೆವು. ನಮ್ಮೂರಿನ ಆಟದ ಜೀವ ಆ ಕೂಗಿನಲ್ಲಿದೆ ಎಂದು ನನಗೆ ಈಗ ಖಚಿತ.

ಶಟರ್ ಮತ್ತು ಮೈಕಿನ ಸಲಹೆ ಕೊಟ್ಟವರು ದಯವಿಟ್ಟು ನಿಮ್ಮ ಪೂರ್ಣ ಹೆಸರು ತಿಳಿಸಿ, ಚಿತ್ರದ ಕೃತಜ್ಞತಾ ಪಟ್ಟಿಯಲ್ಲಿ ಸೇರಿಸುತ್ತೇವೆ.